ತೋಳು ಗಟ್ಟಿ, ಗಡಿಯಾರ ಹಿಂದೆ

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡೋರಿಗೆ 2023ರಲ್ಲಿ ಡ್ರೂ ಆ್ಯಲರ್ ಒಂದು ಒಗಟಾಗಿದ್ದ. ಆರಡಿ ಐದಿಂಚು ಎತ್ತರ, ನೂರು ಕೆ.ಜಿ. ದಾಟಿದ ಮೈಕಟ್ಟು, ಯಾರೂ ಅನುಮಾನಿಸದ ತೋಳು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಪಾಸ್ ಎಸೆಯುವ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಅದು ಅವನ ಮೊದಲ ಋತು. ಅಂಕ ತಂದ ಟಚ್‌ಡೌನ್ ಪಾಸ್ 25, ಎದುರಾಳಿ ಕೈ ಸೇರಿದ ಇಂಟರ್‌ಸೆಪ್ಷನ್ ಬರೀ 2. ಕಾಗದದ ಮೇಲೆ ಅಪ್ಪಟ ಬಂಗಾರ. ಆದರೆ ಎಸೆದ ಪ್ರತಿ ಚೆಂಡಿಗೆ ಸಿಕ್ಕಿದ್ದು ಸರಾಸರಿ 6.8 ಯಾರ್ಡ್. ಒಹಾಯೊ ಸ್ಟೇಟ್ ಎದುರಿನ ಪಂದ್ಯದಲ್ಲಂತೂ 42 ಪಾಸ್ ಎಸೆದು 18 ಮಾತ್ರ ಕೈ ಸೇರಿದವು. ಹತ್ತು ಯಾರ್ಡ್ ದಾಟೋಕೆ ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು, ಅಂದರೆ ಥರ್ಡ್ ಡೌನ್, 16 ಬಾರಿ ಬಂತು, ದಾಟಿದ್ದು ಒಮ್ಮೆ. ಸೋಲು 20-12.

ಅಭಿಮಾನಿಗಳ ತೀರ್ಪು ಯಾವತ್ತೂ ಎರಡೇ. ಚೆಂಡು, ಅದನ್ನು ಹಿಡಿಯೋಕೆ ಓಡುವ ರಿಸೀವರ್ ತಲೆ ಮೇಲಿಂದ ಹಾರಿ ಹೋದರೆ ‘ದಮ್ಮಿದೆ, ಗುರಿ ಇಲ್ಲ’. ಹಿಂದೆ ಬಿದ್ದರೆ ‘ದಮ್ಮೇ ಇಲ್ಲ’. ಒಬ್ಬನೇ ಹುಡುಗ, ಒಂದೇ ಕೈ, ವಾರಕ್ಕೊಂದು ತೀರ್ಪು. ನನಗೆ ಕೇಳಿದರೆ ಎಲ್ಲರೂ ನೋಡುತ್ತಿರೋದೇ ತಪ್ಪು ಜಾಗ. ಉದ್ದದ ಪಾಸ್ ಕೆಡೋದು ಹೆಚ್ಚಾಗಿ ಚೆಂಡು ಕೈ ಬಿಡೋಕೆ ಮುಂಚೆ, ಅರ್ಧ ಸೆಕೆಂಡಿನ ಲೆಕ್ಕಾಚಾರದಲ್ಲಿ.

ಲೆಕ್ಕ ಹಾಕಿಯೇ ನೋಡೋಣ. ಆಟ ಶುರುವಾಗುವ ಗೆರೆಯಿಂದ 20 ಯಾರ್ಡ್‌ಗಿಂತ ಮುಂದಕ್ಕೆ ಗಾಳಿಯಲ್ಲಿ ಹೋದದ್ದನ್ನು ಸಾಮಾನ್ಯವಾಗಿ ಡೀಪ್ ಪಾಸ್ ಅಂತಾರೆ. ಮೈದಾನದ ಅಗಲ 53 ಯಾರ್ಡ್ ಚಿಲ್ಲರೆ. ಕಾಲೇಜು ಮೈದಾನದಲ್ಲಿ ಆಟ ಶುರುಮಾಡಲು ಚೆಂಡಿಡುವ ಜಾಗದ ಎಡ-ಬಲ ಮಿತಿ ತೋರಿಸುವ ಹ್ಯಾಶ್ ಗುರುತುಗಳು ಆಯಾ ಪಕ್ಕದ ಸೈಡ್‌ಲೈನ್‌ನಿಂದ 20 ಯಾರ್ಡ್ ಒಳಗಿರುತ್ತವೆ. ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಅವು ನಡುವಿಗೆ ಇನ್ನೂ ಹತ್ತಿರ. ಈಗ ಚೆಂಡು ಎಡ ಹ್ಯಾಶ್ ಮೇಲಿದೆ, ರಿಸೀವರ್ ಬಲತುದಿಯಲ್ಲಿ ನೇರ ಓಡುವ ಗೋ ರೂಟ್ ಹಿಡಿದಿದ್ದಾನೆ ಅಂತಿಟ್ಟುಕೊಳ್ಳಿ. ಸ್ನ್ಯಾಪ್ (ಆಟ ಶುರುಮಾಡಲು ಗೆರೆಯಿಂದ ಹಿಂದಕ್ಕೆ ಕೊಡುವ ಚೆಂಡು) ಹಿಡಿದ ಕ್ವಾರ್ಟರ್‌ಬ್ಯಾಕ್ ಗೆರೆಯಿಂದ ಸುಮಾರು 8 ಯಾರ್ಡ್ ಹಿಂದೆ ನಿಂತಿದ್ದಾನೆ. ಕ್ಯಾಚ್ ಆಗಬೇಕಾದ್ದು ಗೆರೆಯಿಂದ 42 ಯಾರ್ಡ್ ಮುಂದೆ, ಸೈಡ್‌ಲೈನ್‌ನಿಂದ 5 ಯಾರ್ಡ್ ಒಳಗೆ. ಉದ್ದಕ್ಕೆ 50, ಅಡ್ಡಕ್ಕೆ 28. ಹೈಸ್ಕೂಲಿನ ಪೈಥಾಗೊರಸ್ ಹಾಕಿದರೆ ಚೆಂಡು ಹಾರಬೇಕಾದ ದೂರ 57 ಯಾರ್ಡ್, ಅಂದರೆ 52 ಮೀಟರ್. ಟಿವಿಯವರು ಇದನ್ನೇ ‘42 ಯಾರ್ಡ್ ಪಾಸ್’ ಅನ್ನೋದು. ಅದೇ ಆಟ ಬಲ ಹ್ಯಾಶ್‌ನಿಂದ ಶುರುವಾಗಿದ್ದರೆ 52 ಯಾರ್ಡ್ ಸಾಕಿತ್ತು.

ಗಾಳಿಯ ತಡೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. 35 ಡಿಗ್ರಿ ಕೋನದಲ್ಲಿ ಆ 57 ಯಾರ್ಡ್ ದಾಟೋಕೆ ಗಂಟೆಗೆ 84 ಕಿ.ಮೀ. ವೇಗ ಬೇಕು, ಚೆಂಡು 2.7 ಸೆಕೆಂಡ್ ಗಾಳಿಯಲ್ಲಿರುತ್ತೆ. ವೇಗಕ್ಕೆ ಬಿದ್ದ ರಿಸೀವರ್ ಸೆಕೆಂಡಿಗೆ 9 ಯಾರ್ಡ್ ಓಡುತ್ತಾನೆ. ಅಷ್ಟು ಹೊತ್ತಿಗೆ 24 ಯಾರ್ಡ್ ಆಯಿತು. 42ರಲ್ಲಿ 24 ಕಳೆಯಿರಿ. ಚೆಂಡು ಕೈ ಬಿಡುವಾಗ ರಿಸೀವರ್ ಇರಬೇಕಾದ್ದು 18ನೇ ಯಾರ್ಡ್‌ನಲ್ಲಿ, ಸ್ನ್ಯಾಪ್ ಆಗಿ ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ. ಬೌಂಡರಿಯಿಂದ ಕೀಪರ್ ಕೈಗೆ ನೇರ ಎಸೆಯೋದೇ ಕಷ್ಟ. ಇಲ್ಲಿ ಕೀಪರ್ ಪೂರ್ತಿ ವೇಗದಲ್ಲಿ ದೂರ ಓಡುತ್ತಿದ್ದಾನೆ.

18ನೇ ಯಾರ್ಡ್‌ನಲ್ಲಿ ರಿಸೀವರ್ ಇನ್ನೂ ಓಪನ್ ಆಗಿರೋದಿಲ್ಲ. ಅವನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್ ಭುಜಕ್ಕೆ ಭುಜ ತಾಗಿಸಿಕೊಂಡೇ ಇರುತ್ತಾನೆ. ರಿಸೀವರ್ ಇನ್ನು ಮುಂದೆ ಹೋಗುತ್ತಾನೆ ಅಂತ ನಂಬಿ ಎಸೆಯಬೇಕು. ಹೊಸ ಕ್ವಾರ್ಟರ್‌ಬ್ಯಾಕ್ ನಂಬೋದಿಲ್ಲ, ಕಣ್ಣಾರೆ ನೋಡೋವರೆಗೂ ಕಾಯುತ್ತಾನೆ. ಅರ್ಧ ಸೆಕೆಂಡ್ ಕಾದರೆ ಅಷ್ಟರಲ್ಲಿ ರಿಸೀವರ್ ನಾಲ್ಕೈದು ಯಾರ್ಡ್ ಮುಂದೆ ಹೋದ, ಈಗ ಬೇಕಾದ ಎಸೆತ 62 ಯಾರ್ಡ್. ಪ್ಯಾಡ್ ಕಟ್ಟಿಕೊಂಡು, ಮುಖಕ್ಕೆ ಮುಖ ಬಂದು ನಿಂತ ಡಿಫೆನ್ಸ್ ಎದುರು ಅಷ್ಟು ದೂರ ಲೆಕ್ಕಕ್ಕೆ ಸರಿಯಾಗಿ ಎಸೆಯುವ ಕಾಲೇಜು ಹುಡುಗರು ಎಷ್ಟು ಜನ ಸಿಗುತ್ತಾರೆ? ಚೆಂಡು ಹಿಂದೆ ಬೀಳುತ್ತೆ. ಮನೆಯಲ್ಲಿ ಕೂತವರು ‘ಕೈಯಲ್ಲಿ ಶಕ್ತಿ ಇಲ್ಲ’ ಅಂತಾರೆ. ತಡವಾಗಿದ್ದು ಯಾರಿಗೂ ಕಾಣೋದಿಲ್ಲ.

ಇನ್ನು ಗಟ್ಟಿ ತೋಳಿನವರ ರೋಗ ಬೇರೆ. ಅವರು ಚಪ್ಪಟೆಯಾಗಿ ಎಸೆಯುತ್ತಾರೆ, ಯಾಕಂದರೆ ಎಸೆಯಬಲ್ಲರು. ಅದೇ 57 ಯಾರ್ಡ್‌ಗೆ 25 ಡಿಗ್ರಿ ಕೋನದಲ್ಲಿ ಬಿಟ್ಟರೆ ವೇಗ ಗಂಟೆಗೆ 93 ಕಿ.ಮೀ., ಚೆಂಡು 2.2 ಸೆಕೆಂಡಿಗೇ ಅಲ್ಲಿ ತಲುಪುತ್ತೆ. ರಿಸೀವರ್ ಇನ್ನೂ ನಾಲ್ಕೈದು ಯಾರ್ಡ್ ಹಿಂದಿರುತ್ತಾನೆ. 45 ಡಿಗ್ರಿಗೆ ಎತ್ತಿದರೆ 3.3 ಸೆಕೆಂಡ್, ಎಲ್ಲರಿಗಿಂತ ಹಿಂದೆ ನಡುವೆ ಕಾಯುತ್ತಿರುವ ಎದುರಾಳಿ ಸೇಫ್ಟಿಗೆ ಓಡಿ ಬರೋಕೆ ಧಾರಾಳ ಸಮಯ. ಒಂದೇ ದೂರ, ಒಂದೇ ಗುರಿ, ಕೋನ ಬದಲಾದರೆ ಸುಮಾರು ಒಂದು ಸೆಕೆಂಡಿನ ಅಂತರ. ಹಾಗಾಗಿ ‘ಗುರಿ ಇಲ್ಲ’ ಅನ್ನೋ ಮಾತು ಅರ್ಧ ಸತ್ಯ. ಚೆಂಡು ಸರಿಯಾದ ಜಾಗಕ್ಕೇ ಹೋಗಿರುತ್ತೆ, ತಪ್ಪಾದ ಹೊತ್ತಿಗೆ. ಫ್ಲೋರಿಡಾದ ಆಂಥನಿ ರಿಚರ್ಡ್‌ಸನ್‌ಗೆ 2022ರಲ್ಲಿ ಫಿರಂಗಿಯಂಥ ತೋಳಿತ್ತು, ಪೂರ್ತಿಯಾದ ಪಾಸ್ 53.8 ಶೇಕಡಾ. ಬರೀ ತೋಳೇ ಸಾಕಾಗಿದ್ದರೆ ಆ ಸಂಖ್ಯೆ ಹಾಗಿರುತ್ತಿರಲಿಲ್ಲ.

ತಡ ಯಾಕಾಗುತ್ತೆ ಅನ್ನೋದು ನಿಜವಾದ ಪ್ರಶ್ನೆ. ಮೊದಲು ಕಣ್ಣು. ಸ್ನ್ಯಾಪ್ ಆದ ತಕ್ಷಣ ಹಿಂದೆ ಸೇಫ್ಟಿ ಒಬ್ಬನಾ ಇಬ್ಬರಾ ಅಂತ ಓದಬೇಕು. ನಡುವೆ ಒಬ್ಬನೇ ಇದ್ದರೆ ಸೈಡ್‌ಲೈನ್ ಪಕ್ಕದ ಗೋ ರೂಟ್‌ಗೆ ಸಹಾಯ ತಡವಾಗಿ ಬರುತ್ತೆ. ಇಬ್ಬರಿದ್ದರೆ ಅದೇ ಎಸೆತ ಆತ್ಮಹತ್ಯೆ, ನಡುವಿಗೆ ತಿರುಗಿ ಓಡುವ ಪೋಸ್ಟ್ ರೂಟ್ ಕಡೆ ನೋಡಬೇಕು. ಡಿಫೆನ್ಸ್ ಇದನ್ನೇ ಮುಚ್ಚಿಡುತ್ತೆ. ಇಬ್ಬರಂತೆ ನಿಂತು ಸ್ನ್ಯಾಪ್ ಆದಮೇಲೆ ಒಬ್ಬ ಕೆಳಗಿಳಿಯುತ್ತಾನೆ. 2017ರಲ್ಲಿ ಅಯೋವಾ ಸ್ಟೇಟ್ ಮೂವರು ಸೇಫ್ಟಿಗಳನ್ನು ಹಿಂದೆ ನಿಲ್ಲಿಸೋಕೆ ಶುರುಮಾಡಿತು, ಆಮೇಲೆ ಅದೇ ಒಂದು ಶೈಲಿಯಾಯಿತು. ಮೂವರಲ್ಲಿ ಯಾರು ಇಳೀತಾರೆ ಅಂತ ಇಪ್ಪತ್ತು ವರ್ಷದ ಹುಡುಗ ಒಂದು ಸೆಕೆಂಡಿನೊಳಗೆ ಹೇಳಬೇಕು. ಒಮ್ಮೆ ಅನುಮಾನ ಬಂತೋ, ಕೆಳಗಿನ ಐದು ಯಾರ್ಡ್ ಪಾಸ್ ಕೈಬೀಸಿ ಕರೆಯುತ್ತೆ.

ಆ್ಯಲರ್‌ನ ಆ 2 ಇಂಟರ್‌ಸೆಪ್ಷನ್ ಬಗ್ಗೆ ನನ್ನ ಅನುಮಾನ ಇದೇ. 389 ಎಸೆತಕ್ಕೆ ಎರಡೇ ತಪ್ಪು ಅಂದರೆ ಅದು ಬರೀ ಶಿಸ್ತಲ್ಲ, ಸ್ವಲ್ಪ ರೋಗಲಕ್ಷಣವೂ ಹೌದು. ಯಾರ ಕೈಗಾದರೂ ಸಿಗಬಹುದಾದ 50-50 ಚೆಂಡು ಎಸೆಯಲೇ ಇಲ್ಲ, ಅಥವಾ ಖಾತ್ರಿಯಾದ ಮೇಲೆ ಎಸೆದ. ಖಾತ್ರಿಯಾಗೋ ಹೊತ್ತಿಗೆ ತಡವಾಗಿತ್ತು.

ಎರಡನೆಯದು ಕಾಲು. ಉದ್ದದ ಪಾಸ್‌ಗೆ ಎರಡೂವರೆ ಸೆಕೆಂಡ್ ಮಾತ್ರವಲ್ಲ, ಮುಂದೆ ಒಂದು ಹೆಜ್ಜೆ ಇಡೋಕೆ ಜಾಗವೂ ಬೇಕು. ಮುಂದೆ ಕಾವಲು ನಿಂತ ನಡುವಿನ ಗಾರ್ಡ್ ಎರಡು ಹೆಜ್ಜೆ ಹಿಂದಕ್ಕೆ ತಳ್ಳಿಸಿಕೊಂಡರೆ ಆ ಜಾಗ ಹೋಯಿತು. ಕ್ವಾರ್ಟರ್‌ಬ್ಯಾಕ್ ಹಿಂಗಾಲ ಮೇಲೆ ಭಾರ ಬಿಟ್ಟು ಬರೀ ತೋಳಿನಿಂದ ಎಸೆಯುತ್ತಾನೆ, ಚೆಂಡು ಗಿಡ್ಡ. ಜಾಗವಿದ್ದಾಗ ಉಲ್ಟಾ ತಪ್ಪು: ದೂರ ಎಸೆಯಬೇಕು ಅಂತ ಮುಂಗಾಲನ್ನು ಅತಿಯಾಗಿ ಚಾಚುತ್ತಾನೆ. ಸೊಂಟ ತಿರುಗೋಕಾಗದೆ ಸಿಕ್ಕಿಬೀಳುತ್ತೆ, ತೋಳು ಹಿಂದುಳಿಯುತ್ತೆ, ಚೆಂಡು ಮೇಲಕ್ಕೆ ತೇಲಿ ಹೋಗುತ್ತೆ. ಸರಿಯಾದ ಹೆಜ್ಜೆ ಗಿಡ್ಡದು. ಎತ್ತರ ಬರಬೇಕಾದ್ದು ಎಡ ಭುಜವನ್ನು ಸ್ವಲ್ಪ ಮೇಲಕ್ಕೆ ವಾಲಿಸೋದರಿಂದ, ಬೆನ್ನನ್ನು ಹಿಂದಕ್ಕೆ ಬಗ್ಗಿಸೋದರಿಂದ ಅಲ್ಲ. ಚೆಂಡಿನ ಮೂತಿ ಏರುವಾಗ ಮೇಲೆ, ಇಳಿಯುವಾಗ ಕೆಳಗೆ ತಿರುಗಬೇಕು. ತಿರುಗದಿದ್ದರೆ ಗಾಳಿಯ ತಡೆ ಹೊಟ್ಟೆಗೇ ಬಿದ್ದು ಕೊನೆಯ ಹತ್ತು ಯಾರ್ಡ್‌ನಲ್ಲಿ ಚೆಂಡು ಸಾಯುತ್ತೆ. ಬಲಗೈಯವರ ಉದ್ದದ ಚೆಂಡು ಸ್ಪಿನ್‌ನಿಂದಾಗಿ ಸ್ವಲ್ಪ ಬಲಕ್ಕೆ ವಾಲುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು, ಬಲ ಸೈಡ್‌ಲೈನ್‌ಗೆ ಎಸೆಯುವಾಗಂತೂ.

ಬೈಗುಳ ಪೂರ್ತಿ ಕ್ವಾರ್ಟರ್‌ಬ್ಯಾಕ್‌ಗೆ ಹೋಗುತ್ತೆ, ಅರ್ಧ ರಿಸೀವರ್‌ಗೆ ಸೇರಬೇಕಾದ್ದು. ಗೋ ರೂಟ್ ಓಡುವವನು ಸೈಡ್‌ಲೈನ್‌ನಿಂದ ಸುಮಾರು 5 ಯಾರ್ಡ್ ಒಳಗೇ ಉಳಿಯಬೇಕು. ಅಭ್ಯಾಸದ ಮೈದಾನದಲ್ಲಿ ಕೆಲವು ತಂಡಗಳು ಅಲ್ಲೊಂದು ಗೆರೆ ಎಳೆಯುತ್ತವೆ, ಅದನ್ನು ‘ರೆಡ್ ಲೈನ್’ ಅಂತಾರೆ. ಆ 5 ಯಾರ್ಡ್ ಚೆಂಡು ಬೀಳೋ ಜಾಗ. ಕಾರ್ನರ್‌ಬ್ಯಾಕ್ ಮೆಲ್ಲಗೆ ಸೊಂಟದಲ್ಲೇ ಒತ್ತುತ್ತಾ ಇವನನ್ನು ಹೊರಕ್ಕೆ ತಳ್ಳಿದರೆ ಎಷ್ಟೇ ಒಳ್ಳೆ ಎಸೆತವಾದರೂ ಬೀಳೋದು ಗೆರೆಯಾಚೆ. ಶುರುವಿನಲ್ಲೇ ಎದೆಗೆ ಕೈಯಿಟ್ಟು ತಡೆಯುವ ಪ್ರೆಸ್‌ನಲ್ಲಿ 0.3 ಸೆಕೆಂಡ್ ಹೋದರೆ ಎರಡೂವರೆ ಯಾರ್ಡ್ ಹೋಯಿತು. ಕ್ವಾರ್ಟರ್‌ಬ್ಯಾಕ್ ಸರಿಯಾದ ಹೊತ್ತಿಗೇ ಎಸೆದಿದ್ದರೂ ಚೆಂಡು ಮುಂದೆ ಬೀಳುತ್ತೆ, ತಪ್ಪು ಎಸೆದವನ ಹೆಸರಿಗೆ.

ನಿಯಮವೂ ಒಂದು ಕೈ ನೋಡಿಕೊಳ್ಳುತ್ತೆ. ಎನ್‌ಎಫ್‌ಎಲ್‌ನಲ್ಲಿ ಡಿಫೆನ್ಸ್‌ನಿಂದ ಪಾಸ್ ಇಂಟರ್‌ಫಿಯರೆನ್ಸ್ (ಚೆಂಡು ಹಿಡಿಯೋಕೆ ಅಡ್ಡಿ) ಆದರೆ ಆ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತೆ, 45 ಯಾರ್ಡ್ ದೂರವಾದರೂ ಸರಿ. ಕಾಲೇಜಿನಲ್ಲಿ ದಂಡ ಹೆಚ್ಚೆಂದರೆ 15 ಯಾರ್ಡ್. ಹಿಂದೆ ಬಿದ್ದ ಕಾರ್ನರ್‌ಬ್ಯಾಕ್‌ಗೆ ಜರ್ಸಿ ಹಿಡಿದು ಎಳೆಯೋದು ಲಾಭದ ವ್ಯಾಪಾರ. 15 ಕೊಟ್ಟು ಟಚ್‌ಡೌನ್ ಉಳಿಸಿಕೊಂಡ. ನನ್ನ ಕಣ್ಣಿಗೆ ಇದು ಕಾಲೇಜು ಆಟದ ಅತಿ ಕೆಟ್ಟ ನಿಯಮ. ಒಂದು ಸಣ್ಣ ಪರಿಹಾರ ಇದೆ: ಕ್ಯಾಚ್‌ಗೆ ಒಂದೇ ಕಾಲು ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಂತೆ ಎರಡು ಬೇಕಿಲ್ಲ.

ಇದೆಲ್ಲ ಅಭ್ಯಾಸದಿಂದ ಬರಬೇಕಾದ ಹೊಂದಾಣಿಕೆ, ಅಭ್ಯಾಸಕ್ಕೆ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಇಟ್ಟ ಮಿತಿ ಋತುವಿನಲ್ಲಿ ವಾರಕ್ಕೆ 20 ಗಂಟೆ. ಅದರಲ್ಲೇ ಎಲ್ಲ. ರಿಸೀವರ್‌ಗಳನ್ನು ದಿನಾ ಹತ್ತು ಸಲ 50 ಯಾರ್ಡ್ ಓಡಿಸಿದರೆ ಹ್ಯಾಮ್‌ಸ್ಟ್ರಿಂಗ್ ಕೈಕೊಡುತ್ತೆ. ಮೇಲಿಂದ ಜನ ಬದಲಾಗುತ್ತಲೇ ಇರುತ್ತಾರೆ. ಪೆನ್ ಸ್ಟೇಟ್ 2022ರ ಕೊನೆಗೆ ರಿಸೀವರ್‌ಗಳಾದ ಪಾರ್ಕರ್ ವಾಷಿಂಗ್ಟನ್, ಮಿಚೆಲ್ ಟಿನ್ಸ್ಲೀ ಇಬ್ಬರನ್ನೂ ಕಳಕೊಂಡಿತು. 2023ರಲ್ಲಿ ಆ್ಯಲರ್‌ನ ಮುಖ್ಯ ಆಸರೆಯಾಗಿದ್ದ ಕಿಯಾಂಡ್ರೆ ಲ್ಯಾಂಬರ್ಟ್-ಸ್ಮಿತ್ ಮುಂದಿನ ವರ್ಷ ಆಬರ್ನ್‌ಗೆ ಹೊರಟ. ತಂಡದ ದಾಳಿ ರೂಪಿಸುವ ಹೊಸ ಕೋಚ್ (ಆಫೆನ್ಸಿವ್ ಕೋಆರ್ಡಿನೇಟರ್) ಆ್ಯಂಡಿ ಕೊಟೆಲ್ನಿಕಿ ಬಂದಮೇಲೆ 2024ರಲ್ಲಿ ಆ್ಯಲರ್‌ನ ಪೂರ್ತಿಯಾದ ಪಾಸ್ ಶೇಕಡಾ 66ರ ಮೇಲೇರಿತು, ಆದರೆ ಚೆಂಡು ಹೆಚ್ಚು ಹೋಗಿದ್ದು ಗೆರೆಯ ಸಾಲಿನ ತುದಿಯಲ್ಲಿ ನಿಲ್ಲುವ ಟೈಟ್ ಎಂಡ್ ಟೈಲರ್ ವಾರೆನ್ ಕೈಗೆ. 2025ರ ಜನವರಿಯಲ್ಲಿ ನೋಟ್ರೆ ಡೇಮ್ ಎದುರು ಆರೆಂಜ್ ಬೌಲ್‌ನಲ್ಲಿ ಪೆನ್ ಸ್ಟೇಟ್‌ನ ವೈಡ್ ರಿಸೀವರ್‌ಗಳು ಹಿಡಿದ ಪಾಸ್ ಸೊನ್ನೆ. ಇದನ್ನು ಒಬ್ಬನ ತೋಳಿನ ತಲೆಗೆ ಹೇಗೆ ಕಟ್ಟೋದು?

ತೋಳಿನ ವಾದ ಮಾಡೋರಿಗೆ ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ಕ್ವಾರ್ಟರ್‌ಬ್ಯಾಕ್ ಜೋ ಬರ್ರೋನ ಎರಡು ಋತು ಇಟ್ಟು ನೋಡಿ ಅಂತೀನಿ. 2018ರಲ್ಲಿ ಪೂರ್ತಿಯಾದ ಪಾಸ್ 57.8 ಶೇಕಡಾ, 16 ಟಚ್‌ಡೌನ್ ಪಾಸ್. 2019ರಲ್ಲಿ 76.3 ಶೇಕಡಾ, 60 ಟಚ್‌ಡೌನ್, 5,671 ಯಾರ್ಡ್. ಅಂಗೈ ಅಳತೆ 9 ಇಂಚು, ಎನ್‌ಎಫ್‌ಎಲ್ ಆಯ್ಕೆಗಾರರ ಕಣ್ಣಲ್ಲಿ ಚಿಕ್ಕದು. ತೋಳನ್ನು ಯಾರೂ ಫಿರಂಗಿ ಅಂದಿರಲಿಲ್ಲ. ಒಂದು ವರ್ಷದಲ್ಲಿ ತೋಳು ಬೆಳೀಲಿಲ್ಲ. ಎನ್‌ಎಫ್‌ಎಲ್‌ನ ಸೇಂಟ್ಸ್ ತಂಡದಿಂದ ಕೋಚ್ ಜೋ ಬ್ರೇಡಿ ಬಂದ, ಪಾಸ್ ಹಿಡಿಯಬಲ್ಲ ಐವರನ್ನೂ ರೂಟ್ ಓಡಿಸಿ ಡಿಫೆನ್ಸ್‌ನ ಗುಟ್ಟನ್ನು ಸ್ನ್ಯಾಪ್‌ಗೆ ಮುಂಚೆಯೇ ಬಯಲಿಗೆಳೆಯುವ ಆಟ ಬಂತು. ಹಿಂದಿನ ವರ್ಷ 313 ಯಾರ್ಡ್ ಗಳಿಸಿದ್ದ ಜಮಾರ್ ಚೇಸ್ 1,780 ಗಳಿಸಿದ, ಪಕ್ಕದಲ್ಲಿ ಜಸ್ಟಿನ್ ಜೆಫರ್ಸನ್. ಬರ್ರೋಗೆ ಎಲ್ಲಿ ಎಸೆಯಬೇಕು ಅನ್ನೋದು ಮೊದಲೇ ಗೊತ್ತಿರುತ್ತಿತ್ತು. ಬೇಗ ಎಸೆದವನಿಗೆ 57 ಯಾರ್ಡ್‌ನ ತೋಳು ಸಾಕು.

ಸರಿಪಡಿಸೋ ದಾರಿ ದೊಡ್ಡ ರಹಸ್ಯವಲ್ಲ. ಗೆರೆಯಿಂದ 42 ಯಾರ್ಡ್ ಮುಂದೆ, ಸೈಡ್‌ಲೈನ್‌ನಿಂದ 5 ಯಾರ್ಡ್ ಒಳಗೆ ದೊಡ್ಡ ಡಬ್ಬ ಅಥವಾ ಬಲೆ ಇಡಿ. ರಿಸೀವರ್ ಬೇಡ, ಅವನ ಕಾಲು ಉಳಿಯುತ್ತೆ. ಸ್ಟಾಪ್‌ವಾಚ್ ಹಿಡಿದವನು ಸ್ನ್ಯಾಪ್‌ನಿಂದ ಎರಡೂವರೆ ಸೆಕೆಂಡಿಗೆ ಸೀಟಿ ಊದಲಿ, ಅಷ್ಟರಲ್ಲಿ ಕೈ ಬಿಡದ ಚೆಂಡು ಲೆಕ್ಕಕ್ಕಿಲ್ಲ. ಚೆಂಡು ಗಾಳಿಯಲ್ಲಿದ್ದ ಹೊತ್ತನ್ನೂ ಬರೆದುಕೊಳ್ಳಿ: 2.5ಕ್ಕಿಂತ ಕಡಿಮೆ ಬಂದರೆ ಚಪ್ಪಟೆ, 3 ದಾಟಿದರೆ ಗಾಳಿಪಟ. ಎಡ ಹ್ಯಾಶ್‌ನಿಂದ ಅರ್ಧ, ಬಲ ಹ್ಯಾಶ್‌ನಿಂದ ಅರ್ಧ. ಇದು ಕೂತ ಮೇಲೆ ರಿಸೀವರ್ ಸೇರಿಸಿ, ಆಮೇಲೆ ಕಾರ್ನರ್‌ಬ್ಯಾಕ್. ಹೆಚ್ಚಿನವರು ಮೊದಲ ದಿನವೇ ಮೂವರನ್ನೂ ನಿಲ್ಲಿಸುತ್ತಾರೆ, ಆಮೇಲೆ ಯಾರ ತಪ್ಪು ಅಂತ ಯಾರಿಗೂ ಗೊತ್ತಾಗೋದಿಲ್ಲ.

ನೋಡೋ ನಮಗೆ ಒಂದು ಸುಲಭದ ಕೆಲಸ. 2023ರ ಅಕ್ಟೋಬರ್ ಕೊನೆಯಲ್ಲಿ ಇಂಡಿಯಾನಾ ಎದುರು ಆ್ಯಲರ್ ಆ ಋತುವಿನ ಮೊದಲ ಇಂಟರ್‌ಸೆಪ್ಷನ್ ಎಸೆದ, ಸ್ಕೋರ್ 24-24 ಆಯಿತು. ಎರಡು ನಿಮಿಷವೂ ಉಳಿದಿಲ್ಲದಾಗ ಲ್ಯಾಂಬರ್ಟ್-ಸ್ಮಿತ್‌ಗೆ 57 ಯಾರ್ಡ್ ಟಚ್‌ಡೌನ್ ಪಾಸ್ ಕೊಟ್ಟು ಪಂದ್ಯ ಉಳಿಸಿದ. ಹೈಲೈಟ್ಸ್ ಸಿಕ್ಕರೆ ಚೆಂಡನ್ನು ಹಿಂಬಾಲಿಸಬೇಡಿ. ಕೈ ಬಿಟ್ಟ ಕ್ಷಣಕ್ಕೇ ವಿಡಿಯೊ ನಿಲ್ಲಿಸಿ, ರಿಸೀವರ್ ಎಷ್ಟನೇ ಯಾರ್ಡ್ ಗೆರೆಯ ಮೇಲಿದ್ದಾನೆ ಎಣಿಸಿ, ಕ್ವಾರ್ಟರ್‌ಬ್ಯಾಕ್‌ನ ಮುಂಗಾಲು ಎಲ್ಲಿದೆ ನೋಡಿ. ಆಮೇಲೆ ಅದೇ ಋತುವಿನ ಒಹಾಯೊ ಸ್ಟೇಟ್ ಪಂದ್ಯದಲ್ಲಿ ನೆಲಕ್ಕೆ ಬಿದ್ದ ಒಂದು ಉದ್ದದ ಪಾಸನ್ನೂ ಹಾಗೇ ನಿಲ್ಲಿಸಿ ಪಕ್ಕಪಕ್ಕ ಇಡಿ. ಕಾಮೆಂಟ್ ಅದಾದ ಮೇಲೆ ಬರೆಯಿರಿ.