ಹೊಹ್ವಾನ್, ಮಾಮಾ!

ಹೊಸ ಫೋನಿಗೆ ಹಳೆಯ ಚಾರ್ಜರ್ ಕೂರದೆ, ಮೇಜಿನ ಖಾನೆಯಲ್ಲಿ ಹೆಣೆದುಕೊಂಡು ಬಿದ್ದಿದ್ದ ಏಳು ಕೇಬಲ್‌ಗಳನ್ನು ಬಿಡಿಸಿ ಒಂದೊಂದಾಗಿ ಚುಚ್ಚಿ ನೋಡುತ್ತಿದ್ದಾಗ, ಧಾರಾವಾಹಿಗಳ ದೆಸೆಯಿಂದ ಕೊರಿಯನ್ ಕಲಿಯತೊಡಗಿರುವ ತಂಗಿಯ ಮಗಳು ‘ಹೊಹ್ವಾನ್, ಮಾಮಾ!’ ಎಂದು ಕಿಸಕ್ಕನೆ ನಕ್ಕಳು. ಸೋದರಮಾವನಾದ ನಾನು ಸಹಜವಾಗಿಯೇ ‘ಏನೇ?’ ಎಂದೆ. ಕರೆದದ್ದು ನನ್ನನ್ನಲ್ಲವಂತೆ, ಅದೊಂದು ಜೋಕಂತೆ. ಬಿಡಿಸಿ ಹೇಳು ಎಂದರೆ ‘ಮಜಾ ಹೋಗತ್ತೆ’ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನನಗೆ ಬಂದೇ ಇಲ್ಲದ ಮಜಾ ಹೋಗುವುದಾದರೂ ಎಲ್ಲಿಗೆ?

ಅರ್ಧ ಗಂಟೆ ಪೀಡಿಸಿದ ಮೇಲೆ ವಿಷಯ ಹೊರಬಿತ್ತು. ವಿಡಿಯೊ ಕ್ಯಾಸೆಟ್ಟುಗಳ ಕಾಲದಲ್ಲಿ ದಕ್ಷಿಣ ಕೊರಿಯಾದಲ್ಲಿ ಸಿನಿಮಾ ಶುರುವಾಗುವ ಮುನ್ನ ಸಾರ್ವಜನಿಕ ಹಿತದ ಒಂದು ಎಚ್ಚರಿಕೆ ಬರುತ್ತಿತ್ತು: ಹಿಂದಿನ ಮಕ್ಕಳಿಗೆ ಹೊಹ್ವಾನ್, ಮಾಮಾ, ಯುದ್ಧ ಇವೇ ಎಲ್ಲಕ್ಕಿಂತ ಭಯಂಕರವಾಗಿದ್ದವು, ಇಂದಿನ ಮಕ್ಕಳಾದರೋ ಕೆಟ್ಟ ವಿಡಿಯೊಗಳನ್ನು ನೋಡಿ ದಾರಿ ತಪ್ಪುತ್ತಾರೆ. ಹೊಹ್ವಾನ್ ಎಂದರೆ ಹುಲಿಯ ಕಾಟ, ಮಾಮಾ ಎಂದರೆ ಸಿಡುಬು. ಇದನ್ನು ಕೇಳಿ ಕೇಳಿ ಬಾಯಿಪಾಠವಾದ ಪೀಳಿಗೆ ‘ಹೊಹ್ವಾನ್ ಮಾಮಾಗಿಂತ ಭಯಂಕರ’ ಎಂಬ ಬಾಲಕ್ಕೆ ತನಗೆ ಬೇಕಾದ ಭಯವನ್ನೆಲ್ಲ ಕಟ್ಟತೊಡಗಿತು. ಅಷ್ಟರಲ್ಲಾಗಲೇ ಅಲ್ಲಿನ ಕಾಡುಗಳಲ್ಲಿ ಹುಲಿ ಉಳಿದಿರಲಿಲ್ಲ. ಚೀನೀ ಲಿಪಿಯಲ್ಲಿ ಬೇರೆಯಾಗಿಯೂ ಹಂಗುಲ್ ಎಂಬ ಕೊರಿಯನ್ ಲಿಪಿಯಲ್ಲಿ ಅಕ್ಷರಶಃ ಒಂದೇ ಆಗಿಯೂ ಇರುವ ಇನ್ನೊಂದು ಹೊಹ್ವಾನ್ ಮಾತ್ರ ಮನೆಮನೆಗೂ ಬಂದಿತ್ತು. ಒಂದು ಯಂತ್ರಕ್ಕೆ ಇನ್ನೊಂದು ಹೊಂದುವುದಕ್ಕೂ ಅದೇ ಹೆಸರು. ನನ್ನ ಕೇಬಲ್ ಹೊಂದಲಿಲ್ಲ, ಅವಳು ನಕ್ಕಳು. ಇಷ್ಟೇ.

ಈ ಶ್ಲೇಷೆಯಲ್ಲಿ ಎಲ್ಲರೂ ಹುಲಿಯ ಹಿಂದೆ ಬಿದ್ದು ಮಾಮಾನನ್ನು ಮರೆತಿದ್ದಾರೆಂಬುದು ನನ್ನ ತಕರಾರು. ಮಾಮಾ ಎಂಬುದು ಅರಮನೆಯ ಮಾತು. ಧಾರಾವಾಹಿಗಳಲ್ಲಿ ಸೇವಕಿಯರು ರಾಣಿಯ ಮುಂದೆ ತಲೆ ತಗ್ಗಿಸಿ ಹೇಳುವುದು ಅದನ್ನೇ. ಮಕ್ಕಳನ್ನು ಕೊಲ್ಲುವ ರೋಗಕ್ಕೆ ಮಹಾರಾಣಿಯ ಮರ್ಯಾದೆ ಏಕೆಂದು ಸೊಸೆಗೆ ಅಚ್ಚರಿ, ನನಗಿಲ್ಲ. ಎರಡನೆಯ ಕ್ಲಾಸಿನಲ್ಲಿ ನನಗೆ ಸೀತಾಳೆ ಸಿಡುಬು ಎದ್ದಾಗ ಅಜ್ಜಿ ಹೇಳಿದ್ದು ‘ಅಮ್ಮ ಬಂದಿದ್ದಾಳೆ’ ಎಂದು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಅಮ್ಮ ಹೊರಡುವವರೆಗೆ ಮನೆಯಲ್ಲಿ ಒಗ್ಗರಣೆಯ ಚಟಪಟ ಕೇಳಿಸಲಿಲ್ಲ. ಕಡಿತ ತಾಳದೆ ನಾನೊಮ್ಮೆ ‘ದರಿದ್ರ’ ಎಂದದ್ದಕ್ಕೆ ಅಜ್ಜಿ ತನ್ನ ಕೆನ್ನೆಗಳನ್ನೇ ಪಟಪಟ ಬಡಿದುಕೊಂಡು, ‘ಮಗು, ತಿಳೀದೆ ಅಂದ್ಬಿಟ್ಟ, ಹೊಟ್ಟೆಗೆ ಹಾಕ್ಕೊಳ್ಳವ್ವ’ ಎಂದು ನನ್ನ ಮೈಮೇಲಿನ ಗುಳ್ಳೆಗಳಿಗೆ ಕೈ ಮುಗಿದಳು.

ಕೊರಿಯಾದ ಅಜ್ಜಿಯರೂ ಬೇರೆಯವರಲ್ಲ. ಅವರು ಸಿಡುಬನ್ನು ‘ಅತಿಥಿ’ ಎಂದೂ ಕರೆಯುತ್ತಿದ್ದರು. ಆ ಅತಿಥಿ ಬರುವುದು ಗಂಗ್ನಮ್‌ನಿಂದ, ಅಂದರೆ ಸೋಲ್ ನಗರದ ಸಿರಿವಂತರ ಬಡಾವಣೆಯಿಂದಲ್ಲ, ಚೀನಾದ ಯಾಂಗ್‌ತ್ಸೆ ನದಿಯ ದಕ್ಷಿಣದಿಂದ ಎಂದು ನಂಬಿದ್ದರು. ರೋಗ ಇಳಿದ ಮೇಲೆ ಮುಡಾಂಗ್ ಎಂಬ ಪೂಜಾರಿಣಿಯನ್ನು ಕರೆಸಿ, ಹುಲ್ಲಿನಿಂದ ಕುದುರೆ ಮಾಡಿ, ಮಾಮಾನನ್ನು ಅದರ ಮೇಲೆ ಕೂರಿಸಿ ಸಕಲ ಮರ್ಯಾದೆಯಿಂದ ಸಾಗಹಾಕುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಮಾರಿಯನ್ನು ಗಡಿ ದಾಟಿಸುತ್ತಿದ್ದುದೂ ಇದೇ ಉಪಾಯವಲ್ಲವೇ? ಕೊನೆಗೆ 1879ರಲ್ಲಿ ಜಿ ಸೊಕ್‌ಯೊಂಗ್ ಎಂಬಾತ ಬುಸಾನ್‌ನ ಜಪಾನೀ ಆಸ್ಪತ್ರೆಯಲ್ಲಿ ದೇವಿ ಹಾಕುವುದನ್ನು ಕಲಿತು, ಊರಿಗೆ ಮರಳುವ ದಾರಿಯಲ್ಲಿ ಮಾವನ ಮನೆಗೆ ಹೋಗಿ, ಹೆಂಡತಿಯ ಎರಡು ವರ್ಷದ ತಮ್ಮನ ತೋಳಿಗೆ ಮೊದಲು ಚುಚ್ಚಿದ. ಮುಂದೆ ತನ್ನ ಮಕ್ಕಳಿಗೆ ಸೋದರಮಾವನಾಗುವವನ ಮೇಲೇ ಪ್ರಯೋಗ! ಮಾಮಂದಿರ ಪಾಡು ಎಲ್ಲ ದೇಶಗಳಲ್ಲೂ ಒಂದೇ ಎಂದು ನಾನು ತುಸು ಗಟ್ಟಿಯಾಗಿಯೇ ಹೇಳಿದೆ. ಸೊಸೆ ಫೋನಿನಿಂದ ತಲೆ ಎತ್ತಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ, ಹುಲಿಯ ಹೆಸರು ಪ್ಲಗ್ಗಿಗೆ ಇಳಿದದ್ದರಲ್ಲಿ ಏನೋ ಗಹನವಾದದ್ದು ಇದ್ದೇ ತೀರಬೇಕೆಂದು ಯೋಚಿಸುತ್ತ ಏಳನೆಯ ಕೇಬಲ್ ಚುಚ್ಚಿದೆ. ಅದು ಸಲೀಸಾಗಿ ಕೂತಿತು, ಆದರೆ ಚಾರ್ಜ್ ಮಾತ್ರ ಏರಲಿಲ್ಲ.

‘ಬೇವಿನ ಸೊಪ್ಪು ಕಟ್ಟಿ ನೋಡು, ಮಾಮಾ.’

ಈ ಸಲ ಕರೆದದ್ದು ನನ್ನನ್ನೇ.