ಹೈಸ್ಕೂಲಿನಲ್ಲಿ ಲೇಖಕಿಯರಿಗೇ ಒಂದು ಕಪಾಟು ಬೇಕಾ?

ಪರ: ಬೇಕು, ಕಣ್ಣಿಗೆ ಬೀಳೋ ಹಾಗೆ ಬೇಕು

ನಮ್ಮಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ತ್ರಿವೇಣಿಯವರ ಕಾದಂಬರಿ ಕೈಗೆ ಸಿಕ್ಕರೆ ಬಿಡುತ್ತಿರಲಿಲ್ಲ. ಬಾಡಿಗೆ ಲೈಬ್ರರಿಯಿಂದ ತಂದು, ಹಳೇ ಪೇಪರಿನ ಬೈಂಡು ಹಾಕಿ, ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದಳು. ಅನ್ನ ಬೇಯುವ ಹೊತ್ತಿಗೆ ನಾಲ್ಕು ಪುಟ. ನಾನು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಶಾಲೆಯಲ್ಲಿ ಆ ಹೆಸರು ಒಂದು ಸಲವೂ ಕಿವಿಗೆ ಬೀಳಲಿಲ್ಲ. ಹಾಗಾಗಿ ಅಮ್ಮ ಓದುತ್ತಿದ್ದದ್ದು ಸಾಹಿತ್ಯ ಅಂತ ನನಗೆ ಅನ್ನಿಸಲೇ ಇಲ್ಲ. ಅದು ಸುಮ್ನೆ ಅಮ್ಮನ ಟೈಂಪಾಸು.

ಕುವೆಂಪು ಅವರಿಂದ ಕಂಬಾರರವರೆಗೆ ಕನ್ನಡದ 8 ಜ್ಞಾನಪೀಠಗಳನ್ನು ಮಕ್ಕಳು ಈಗಲೂ ಬಾಯಿಪಾಠ ಮಾಡುತ್ತಾರೆ. 8 ಜನವೂ ಗಂಡಸರೇ. ಸಾಹಿತ್ಯ ಸಮ್ಮೇಳನ 1915ರಲ್ಲಿ ಶುರುವಾಯಿತು. ಒಬ್ಬ ಹೆಂಗಸು ಅಧ್ಯಕ್ಷೆಯಾಗಲು 1974ರ ಮಂಡ್ಯ ಸಮ್ಮೇಳನ ಬರಬೇಕಾಯಿತು, ಜಯದೇವಿತಾಯಿ ಲಿಗಾಡೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡದ ಲೇಖಕಿಗೆ ಮೊದಲ ಸಲ ಸಿಕ್ಕಿದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ. ಎಲ್ಲ ತಾನಾಗೇ ಸರಿಹೋಗುತ್ತೆ ಅನ್ನುವವರು ಈ ಇಸವಿಗಳನ್ನು ಒಮ್ಮೆ ನೋಡಲಿ.

ಬರೆಯುವವರು ಇರಲಿಲ್ಲವಾ? ನಂಜನಗೂಡು ತಿರುಮಲಾಂಬ ಬಾಲವಿಧವೆ. ನೂರು ವರ್ಷದ ಹಿಂದೆಯೇ ಪುಸ್ತಕ ಪ್ರಕಟಿಸಿದರು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಎಂ.ಕೆ. ಇಂದಿರಾ ಪೆನ್ನು ಹಿಡಿದಾಗ 45 ವರ್ಷ. ಕೊಡಗಿನ ಗೌರಮ್ಮ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಬರೀ 27. ಹದಿನಾಲ್ಕರ ಹುಡುಗಿಗೆ ಇವರ ಪರಿಚಯ ಆಗಬೇಕು. ಹುಡುಗನಿಗೂ ಆಗಬೇಕು.

ಎಲ್ಲ ಪುಸ್ತಕದ ಜೊತೆ ಸೇರಿಸಿಟ್ಟರೆ ಸಾಲದಾ ಅಂತ ಕೇಳುತ್ತಾರೆ. ಶಾಲೆಯ ಬೀರು ನೋಡಿದ್ದೀರಾ? ಹೆಡ್‌ಮೇಷ್ಟ್ರ ರೂಮಿನಲ್ಲಿರುತ್ತೆ, ಬೀಗ ಬೇರೆ. ಯಾವಾಗಲೋ ತೆಗೆದಾಗ ಮುಂದಿನ ಸಾಲಿನಲ್ಲಿ ಇರುವುದೇ ಮಕ್ಕಳ ಕೈಗೆ ಬರುವುದು. ಸೇರಿಸಿಟ್ಟ ಪುಸ್ತಕ ಹಿಂದಿನ ಸಾಲಿಗೆ ಸರಿದು ಅಲ್ಲೇ ಧೂಳು ತಿನ್ನುತ್ತೆ.

ವಿರೋಧ: ಬೋರ್ಡು ಬೇಡ, ಓದಿ ಹೇಳಿ

ನಾನು ಕನ್ನಡ ಟೀಚರ್. ಆ ಕಪಾಟನ್ನು ಮಾಡಿ ನೋಡಿದವಳು. ಒಂದು ನವೆಂಬರಿನಲ್ಲಿ ಗುಲಾಬಿ ಬಣ್ಣದ ಚಾರ್ಟಿನ ಮೇಲೆ 'ಮಹಿಳಾ ಸಾಹಿತ್ಯ' ಅಂತ ದಪ್ಪಗೆ ಬರೆದು ಅಂಟಿಸಿದೆ. ತಿಂಗಳ ಕೊನೆಗೆ ರಿಜಿಸ್ಟರ್ ತೆಗೆದರೆ ಒಬ್ಬ ಹುಡುಗನ ಸಹಿಯೂ ಇಲ್ಲ. ಯಾಕ್ರೋ ಅಂದೆ. "ಅದು ಹುಡ್ಗೀರ್ದು ಅಲ್ವಾ ಮಿಸ್?" ಅಂದ ಒಬ್ಬ. ಅವನನ್ನು ಬೈಯೋಣ ಅಂದರೆ ಚಾರ್ಟು ಬರೆದದ್ದು ನಾನೇ.

ಚಾರ್ಟು ಕಿತ್ತೆ. ಒಂದು ಶನಿವಾರ ಕೊನೇ ಪಿರಿಯಡ್‌ನಲ್ಲಿ ಕೊಡಗಿನ ಗೌರಮ್ಮನವರ ಒಂದು ಕಥೆ ಓದಿದೆ. ಬರೆದವರು ಯಾರು ಅಂತ ಹೇಳಲಿಲ್ಲ. ಕಥೆ ಮುಗಿಯುವ ಮೊದಲೇ ಬೆಲ್ ಹೊಡೆಯಿತು. ಬ್ಯಾಗು ಹೆಗಲಿಗೇರಿಸಿದ್ದ ಹಿಂದಿನ ಬೆಂಚಿನವರು ಹಾಗೇ ನಿಂತುಕೊಂಡರು. "ಮುಗಿಸಿಬಿಡಿ ಮಿಸ್." ಲೇಖಕಿಯ ಹೆಸರು ಹೇಳಿದ್ದು ಆಮೇಲೆ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಫೋಟೋ ಬೋರ್ಡಿಗೆ ಹೋಯಿತು. ಹಾಸನ, ಬೂಕರ್, ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ, ಎಲ್ಲ ಕ್ವಿಜ್‌ಗೆ ತಯಾರು. ಕಥೆ ಓದಿದವರು ಕೈ ಎತ್ತಿ ಅಂದರೆ ಒಂದು ಕೈ ಇಲ್ಲ. ಎಸ್ಸೆಸ್ಸೆಲ್ಸಿ ಪೇಪರಿನಲ್ಲಿ ಸಾಹಿತಿಯ ಕಾಲ, ಸ್ಥಳ, ಕೃತಿ ಬರೆಯಿರಿ ಅಂತ ಒಂದು ಪ್ರಶ್ನೆ ಇರುತ್ತದಲ್ಲ, ಬರೀ ಪ್ರಚಾರ ಮಾಡಿದರೆ ಲೇಖಕಿಯರೆಲ್ಲ ಅದರೊಳಗೆ ಹೋಗಿ ಕೂರುತ್ತಾರೆ.

ಇನ್ನೊಂದು ತಕರಾರು ಇದೆ. ಹೆಣ್ಣು ಬರೆದದ್ದು ಅಂತ ಎಲ್ಲವನ್ನೂ ಒಂದೇ ಗಂಟು ಕಟ್ಟುವುದು ಹೇಗೆ? ಹೆಣ್ಣನ್ನು ಹೀಗಳೆಯುವವರನ್ನು ಸಂಚಿ ಹೊನ್ನಮ್ಮ 'ಕಣ್ಣು ಕಾಣದ ಗಾವಿಲರು', ಅಂದರೆ ಮೂಢರು, ಅಂತ ಬೈದಳು. ಚಾರ್ಟಿಗೆ ಬರುವುದು ಅಷ್ಟೇ. ಅವಳ 'ಹದಿಬದೆಯ ಧರ್ಮ' ಹೆಚ್ಚಾಗಿ ಹೇಳುವುದು ಪತಿವ್ರತೆ ಹೇಗಿರಬೇಕು ಅನ್ನುವುದನ್ನು. ಅವಳಿಗಿಂತ ಸುಮಾರು 500 ವರ್ಷ ಮೊದಲೇ ಅಕ್ಕಮಹಾದೇವಿ, ಈ ಸಾಯುವ ಕೆಡುವ ಗಂಡಂದಿರನ್ನು ಒಲೆಗೆ ಹಾಕು ತಾಯಿ ಅಂದಿದ್ದಳು. ಇಬ್ಬರನ್ನೂ ಎದುರುಬದುರು ಕೂರಿಸಿ ಓದಿದರೆ ಒಂಬತ್ತನೇ ಕ್ಲಾಸಿನಲ್ಲಿ ಎಂಥ ಜಗಳ ಆಗುತ್ತೆ ಗೊತ್ತಾ! ಆ ಜಗಳವೇ ಪಾಠ. ಕಪಾಟಿಗೆ ಪೂಜೆ ಮಾಡಿದರೆ ಅದು ಸಿಗುವುದಿಲ್ಲ.

ಬೀಗದ ಮಾತು ಮಾತ್ರ ನಿಜ, ಒಪ್ಪಿದೆ. ನಮ್ಮಲ್ಲಿ ಈಗ ಬೀರುವಿನ ಬೀಗದಕೈ ಒಬ್ಬ ಹುಡುಗನ ಹತ್ತಿರ ಇರುತ್ತದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಯಾರೋ ತಗೊಂಡು ಹೋಗಿ ಎರಡು ತಿಂಗಳಾಯಿತು. ಒಬ್ಬರಿಂದ ಒಬ್ಬರಿಗೆ ಹೋಗ್ತಾ ಇದೆಯಂತೆ, ಇನ್ನೂ ವಾಪಸ್ ಬಂದಿಲ್ಲ.