‘ಡಾಕ್ಯುಮೆಂಟೇಷನ್ ತಾನೇ, ಆಮೇಲೆ ನೋಡಿದರಾಯಿತು’

ಕಳೆದ ಶನಿವಾರ ರಾತ್ರಿ ಹನ್ನೊಂದೂವರೆಗೆ, ಕಾರವಾರದ ಕೋಡಿಬಾಗದಲ್ಲಿ ಬಿಟ್ಟೂಬಿಡದೆ ಮಳೆ ಹೊಯ್ಯುತ್ತಿರುವಾಗ, ಹೋದ ಕರೆಂಟು ಬರುವವರೆಗೆ ಇನ್ವರ್ಟರ್ ಕೈಕೊಡದಿರಲಿ ಎಂದು ಹಾರೈಸುತ್ತ ನಾನು ಮಾಡುತ್ತಿದ್ದ ಕೆಲಸ ಇಷ್ಟೇ: ಬೇರೆ ಯಾರೋ ಬದಲಿಸಿದ ಒಂದು ಹೆಸರನ್ನು ಮೂವತ್ತನಾಲ್ಕು ಪುಟಗಳಲ್ಲಿ ಹುಡುಕಿ ತಿದ್ದುವುದು. ವಿಜ್ಞಾನಿಗಳು ತಮ್ಮ ಅಂಕಿಅಂಶಗಳಿಂದ ಗ್ರಾಫ್ ಬಿಡಿಸಲು ಬಳಸುವ ಒಂದು ಲೈಬ್ರರಿ ಇದೆ, ಪೈಥಾನ್ ಭಾಷೆಯಲ್ಲಿ ಬರೆದಿಟ್ಟ ಸಿದ್ಧ ಕೋಡಿನ ಕಟ್ಟು. ಅದರ ಡಾಕ್ಯುಮೆಂಟೇಷನ್, ಅಂದರೆ ಅದನ್ನು ಬಳಸುವುದು ಹೇಗೆಂದು ಹೇಳಿಕೊಡುವ ಪುಟಗಳನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಇದು ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು; ನನ್ನ ಈ ಕೆಲಸಕ್ಕೆ ಸಂಬಳವಿಲ್ಲ. ಆ ಬಗ್ಗೆ ನನ್ನ ತಕರಾರೂ ಇಲ್ಲ. ಲೈಬ್ರರಿಯ ಹೆಸರು ಮಾತ್ರ ಹೇಳುವುದಿಲ್ಲ, ನಾಳೆ ಬೆಳಗಾದರೆ ಮತ್ತೆ ಅಲ್ಲಿಯವರೊಂದಿಗೇ ಏಗಬೇಕು.

ಆದದ್ದೇನೆಂದರೆ, ಕೋಡ್ ಬರೆಯುವ ಮಹಾಶಯರೊಬ್ಬರಿಗೆ ಕಾಂಟೂರ್ ಗೆರೆ (ಒಂದೇ ಬೆಲೆಯ ಬಿಂದುಗಳನ್ನು ಜೋಡಿಸುವ ಗೆರೆ) ಎಳೆಯುವ ಫಂಕ್ಷನ್ನಿನ, ಅಂದರೆ ಆ ಕೆಲಸ ಮಾಡುವ ಕೋಡಿನ ತುಣುಕಿನ, ಒಂದು ಆರ್ಗ್ಯುಮೆಂಟಿನ (ಅದಕ್ಕೆ ನಾವು ಕೊಡುವ ಸೂಚನೆಯ) ಹೆಸರು ಗೊಂದಲ ಹುಟ್ಟಿಸುತ್ತದೆ ಅನ್ನಿಸಿತು. ಹೊಸ ಹೆಸರು ನಿಜಕ್ಕೂ ಚೆನ್ನಾಗಿಯೇ ಇದೆ. ಅವರು ಕೋಡಿನಲ್ಲಿ ಹೆಸರು ಬದಲಿಸಿದರು, ಕೋಡ್ ಸರಿಯಿದೆಯೇ ಎಂದು ತಾವಾಗಿಯೇ ಪರೀಕ್ಷಿಸುವ ಟೆಸ್ಟುಗಳನ್ನು ತಿದ್ದಿದರು, ಹಳೆಯ ಹೆಸರು ಬಳಸಿದವರಿಗೆ ಎಚ್ಚರಿಕೆ ಬರುವಂತೆ ಮಾಡಿದರು, ಎಲ್ಲರಿಂದ ಶಹಭಾಸ್ ಅನ್ನಿಸಿಕೊಂಡರು, ಹೋದರು. ಡಾಕ್ಯುಮೆಂಟೇಷನ್ನಿನ ಕಡೆ ತಲೆಯನ್ನೂ ಹಾಕಲಿಲ್ಲ. ನಮ್ಮ ಉದಾಹರಣೆಗಳ ಗ್ಯಾಲರಿ, ಇಂಥ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್ ಎಂಬ ಸಾಧನದಲ್ಲಿ ಕಟ್ಟಿದ್ದು. ಪುಟಗಳನ್ನು ಕಟ್ಟುವಾಗಲೇ ಪ್ರತಿಯೊಂದು ಉದಾಹರಣೆಯೂ ಓಡಿ, ಅದು ಬಿಡಿಸಿದ ಚಿತ್ರ ಪುಟದೊಳಗೆ ಬಂದು ಕೂರುತ್ತದೆ. ಹಾಗಾಗಿ ಹೊಸದಾಗಿ ಕಲಿಯಲು ಬಂದವರಿಗೆ ಈಗ ಪ್ರತಿ ಚಿತ್ರದ ಕೆಳಗೆ ಕಾಣುವುದು ‘ಈ ಹೆಸರನ್ನು ಬಳಸಬೇಡಿ’ ಎಂಬ ಎಚ್ಚರಿಕೆ. ಬಳಸಿ ಎಂದು ಮೇಲೆ ಹೇಳಿಕೊಡುತ್ತಿರುವವರೂ ನಾವೇ.

‘ಹುಡುಕಿ ಬದಲಿಸಿಬಿಡಿ, ಐದು ನಿಮಿಷದ ಕೆಲಸ’ ಎಂದು ಅವರು ಬರೆದರು. ಅದೇ ಹೆಸರು ಬೇರೆ ನಾಲ್ಕು ಫಂಕ್ಷನ್ನುಗಳಲ್ಲಿ ಬೇರೆ ಅರ್ಥದಲ್ಲಿದೆ, ಅಲ್ಲಿ ಅದನ್ನು ಮುಟ್ಟುವಂತಿಲ್ಲ. ಕೋಡ್ ತಪ್ಪಾದರೆ ಟೆಸ್ಟು ಕೂಗಿ ಹೇಳುತ್ತದೆ. ಆದರೆ ‘ಇದಕ್ಕೆ ಎರಡು ಕೊಟ್ಟರೆ ಗೆರೆ ದಪ್ಪವಾಗುತ್ತದೆ’ ಎಂಬ ವಾಕ್ಯ ಸುಳ್ಳಾಗಿ ಕೂತಿದ್ದರೆ ಅದನ್ನು ಹಿಡಿಯುವ ಯಂತ್ರ ಯಾವುದೂ ಇಲ್ಲ. ಒಂದೊಂದು ಪುಟವನ್ನೂ ಓದಬೇಕು, ಓಡಿಸಬೇಕು, ಬಂದ ಚಿತ್ರಕ್ಕೂ ಅದರ ಕೆಳಗಿನ ಮಾತಿಗೂ ತಾಳೆಯಿದೆಯೇ ಎಂದು ಕಣ್ಣಿಂದಲೇ ನೋಡಬೇಕು. ಐದು ನಿಮಿಷವಂತೆ!

ಇದು ಹೀಗೆಯೇ ಇರಬೇಕೆಂದೇನೂ ಇಲ್ಲ. ನರವಿಜ್ಞಾನಿ ಜಾನ್ ಹಂಟರ್ ಶುರುಮಾಡಿದ, 2003ರಿಂದ ಬಳಕೆಯಲ್ಲಿರುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿ ಈ ಗ್ರಾಫ್ ಬಿಡಿಸುವ ಕ್ಷೇತ್ರದ ಹಿರಿಯಣ್ಣ. 2017ರಲ್ಲಿ ಅದರ 2.0 ಆವೃತ್ತಿ ಬಂದಾಗ, ಅಂಕಿಗಳನ್ನು ಬಣ್ಣದಲ್ಲಿ ತೋರಿಸಲು ತಾನಾಗಿಯೇ ಬರುತ್ತಿದ್ದ, ಕಾಮನಬಿಲ್ಲಿನಂತಿದ್ದ ‘ಜೆಟ್’ ಬಣ್ಣಸರಣಿಯ ಜಾಗಕ್ಕೆ ‘ವಿರಿಡಿಸ್’ ಬಂತು. ಜೆಟ್‌ನಲ್ಲಿ ಹಳದಿ ಮತ್ತು ತಿಳಿನೀಲಿ ಪಟ್ಟಿಗಳು ಕಣ್ಣಿಗೆ ಹೊಡೆದು, ಅಂಕಿಗಳಲ್ಲಿ ಇಲ್ಲದ ಅಂಚುಗಳನ್ನು ಇರುವಂತೆ ತೋರಿಸುತ್ತಿದ್ದವು. ಬದಲಿಸಿ ಸುಮ್ಮನಾಗದೆ, ಮೊದಲು ಏನಿತ್ತು, ಈಗ ಏನಾಗಿದೆ, ಹಳೆಯದೇ ಬೇಕೆಂದರೆ ಏನು ಬರೆಯಬೇಕು ಎಂಬುದನ್ನೆಲ್ಲ ಚಿತ್ರಗಳ ಸಮೇತ ಒಂದು ಉದ್ದನೆಯ ಪುಟದಲ್ಲಿ ಬಿಡಿಸಿಟ್ಟರು. ಬಣ್ಣ ಬದಲಾದದ್ದು ಎಲ್ಲರಿಗೂ ನೆನಪಿದೆ. ಆ ಪುಟವನ್ನು ಕೂತು ಬರೆದವರು ಯಾರೆಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಬಳಸುವವರ ಕಥೆ. ಗ್ರಾಫಿನ ಅಡ್ಡಸಾಲಿನಲ್ಲಿ ದಿನ, ಗಂಟೆಗಳನ್ನು ಹೇಗೆ ಬರೆಯಿಸಬೇಕು ಎಂಬುದಕ್ಕೆ ನಾನು ಮೂರು ಭಾನುವಾರ ಕೂತು ಒಂದು ಪುಟ ಬರೆದಿದ್ದೆ. ಉದಾಹರಣೆಗೆ ಆರಿಸಿಕೊಂಡದ್ದು ನಮ್ಮ ಕಡಲಿನ ಉಬ್ಬರ-ಇಳಿತವನ್ನು. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡರ ಎತ್ತರವೂ ಒಂದೇ ಅಲ್ಲ; ಮೇಲಾಗಿ ಚಂದ್ರನ ದಿನ ಸುಮಾರು 24 ಗಂಟೆ 50 ನಿಮಿಷದ್ದಾದ್ದರಿಂದ ನಾಳೆಯ ಉಬ್ಬರ ಇಂದಿಗಿಂತ ಹೆಚ್ಚುಕಡಿಮೆ ಮುಕ್ಕಾಲು ಗಂಟೆ ತಡವಾಗಿ ಬರುತ್ತದೆ. ದಿನದ ಗುರುತು ಎಲ್ಲಿ ಹಾಕಬೇಕು, ಗಂಟೆಯ ಗುರುತು ಎಲ್ಲಿ ಹಾಕಬೇಕು, ಅಕ್ಷರಗಳು ಒಂದರ ಮೇಲೊಂದು ಹತ್ತದಂತೆ ಹೇಗೆ ವಾಲಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚಲಿಲ್ಲ. ಪ್ರಕಟವಾದ ನಾಲ್ಕನೇ ದಿನ ಒಬ್ಬರು ಬರೆದರು: ‘ಈ ಡಾಕ್ಯುಮೆಂಟೇಷನ್ ಶುದ್ಧ ಕಸ. ಅಕ್ಷರಗಳನ್ನು ವಾಲಿಸುವುದು ಹೇಗೆಂದು ಎಲ್ಲಿಯೂ ಇಲ್ಲ.’ ಎರಡನೆಯ ಪ್ಯಾರಾದಲ್ಲಿದೆ, ಚಿತ್ರಸಮೇತ ಇದೆ. ವಿನಯದಿಂದ ಕೊಂಡಿ ಕಳಿಸಿದೆ. ‘ಓಹ್’ ಎಂಬ ಉತ್ತರ ಬಂತು. ಕಸ ಎಂಬ ಮಾತು ಮಾತ್ರ ಇಂದಿಗೂ ಅಲ್ಲಿಯೇ ಇದೆ. ತಪ್ಪು ತೋರಿಸುವವರನ್ನು ನಾನು ದೂರುತ್ತಿಲ್ಲ, ಅವರಿಂದಲೇ ಪುಟಗಳು ಸುಧಾರಿಸಿವೆ. ಆದರೆ ಅರ್ಧ ಗಂಟೆ ಕೂತು ಬೈಗುಳ ಬರೆಯುವವರು ಅದೇ ಅರ್ಧ ಗಂಟೆಯಲ್ಲಿ ಒಂದು ವಾಕ್ಯ ತಿದ್ದಿ ಕಳಿಸಬಹುದಿತ್ತಲ್ಲ! ಅದಕ್ಕೆ ಯಾರ ಅಪ್ಪಣೆಯೂ ಬೇಡ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ದೋಣಿಯವರು ಹರಿದ ಬಲೆಗಳನ್ನು ಹರಡಿಕೊಂಡು ಕೂತು ಸರಿಮಾಡುತ್ತಾರೆ, ಬಲೆ ಬೀಸುವ ಕೈಗಳೇ ಅದನ್ನು ಹೊಲಿಯುತ್ತವೆ. ನಮ್ಮ ಲೈಬ್ರರಿಯಲ್ಲಿ ಬೀಸುವವರು ಒಬ್ಬರು, ಹೊಲಿಯುವವರು ಇನ್ನೊಬ್ಬರು, ರಜೆ ಇಬ್ಬರಿಗೂ ಇಲ್ಲ, ಮೀನು ಮಾತ್ರ ಒಬ್ಬರ ಬುಟ್ಟಿಗೆ. ಹೊಸ ಆವೃತ್ತಿಯ ಘೋಷಣೆಯಲ್ಲಿ ಆ ಹೆಸರು ಬದಲಾವಣೆಗೆ ಒಂದು ಪೂರ್ತಿ ಸಾಲು ಸಿಕ್ಕಿತು, ನನ್ನ ಮೂವತ್ತನಾಲ್ಕು ಪುಟಗಳು ‘ಇತರ ಸಣ್ಣಪುಟ್ಟ ತಿದ್ದುಪಡಿಗಳು’ ಎಂಬುದರಲ್ಲಿ ಸೇರಿಹೋದವು.

ಇಂದು ಬೆಳಿಗ್ಗೆ ಅದೇ ಮಹಾಶಯರ ಇನ್ನೊಂದು ಬದಲಾವಣೆ ಬಂದಿದೆ, ಈ ಸಲ ಎರಡು ಹೆಸರು. ‘ಡಾಕ್ಯುಮೆಂಟೇಷನ್ ತಿದ್ದಲಾಗಿದೆ’ ಎಂಬಲ್ಲಿ ಗುರುತು ಹಾಕಿದ್ದಾರೆ. ತೆರೆದು ನೋಡಿದರೆ ಒಂದಕ್ಷರವನ್ನೂ ಮುಟ್ಟಿಲ್ಲ. ಗ್ಯಾಲರಿಯ ಯಾವ ಯಾವ ಪುಟ ಒಡೆಯುತ್ತದೆಂದು ಪಟ್ಟಿ ಮಾಡಿ, ಅವನ್ನೂ ತಿದ್ದಿದ ಮೇಲೆಯೇ ಇದನ್ನು ಒಳಗೆ ಸೇರಿಸೋಣ ಎಂದು ಬರೆದೆ. ಮಧ್ಯಾಹ್ನದ ಹೊತ್ತಿಗೆ ಅವರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ಸಂಜೆಯಾಯಿತು, ಅದರಾಚೆಗೆ ಏನೂ ಬಂದಿಲ್ಲ.